ಕಟ್ಟಿಗೆಯ ಕೊಳವೆಯೂ ಕುರುಗೋಡಿನ ಮದ್ದಳೆಯೂ

ನಿವೃತ್ತಳಾದ ಮೇಲೆ ನನ್ನನ್ನು ನೋಡಲು ಬರುವವರು ಎರಡು ಬಗೆ. ಒಂದು, ನಾನು ಹೆರಿಗೆ ಮಾಡಿಸಿದ ಕೂಸುಗಳು. ಈಗ ಅವಕ್ಕೆ ಹೊಟ್ಟೆ ಬಂದಿದೆ, ಮೀಸೆ ನರೆತಿದೆ, ಒಂದಿಬ್ಬರು ಪುರಸಭೆಯಲ್ಲಿ ಕೂತು ಊರಿನ ಚರಂಡಿಗಳ ಮೇಲೆ ಭಾಷಣ ಮಾಡುತ್ತಾರೆ. ಇನ್ನೊಂದು, ಹೊಸದಾಗಿ ನೌಕರಿಗೆ ಸೇರಿದ ನರ್ಸ್ ಹುಡುಗಿಯರು. ಮೊದಲಿನವರಿಗೆ ನಾನು ಏನೂ ಹೇಳುವುದಿಲ್ಲ. ಹುಟ್ಟುವಾಗ ತಾವು ಹೇಗಿದ್ದೆವೆಂದು ಕೇಳಿಸಿಕೊಳ್ಳುವುದು ಪುರಸಭೆಯ ಸದಸ್ಯರಿಗೆ ಒಳ್ಳೆಯದಲ್ಲ. ಎರಡನೆಯವರಿಗೆ ಮಾತ್ರ ನಾಲ್ಕು ಮಾತು ಹೇಳುವುದಿದೆ.

ಅವರ ಆಸ್ಪತ್ರೆಗೆ ಒಂದು ಯಂತ್ರ ಬಂದಿದೆಯಂತೆ. ಬಸುರಿಯ ಹೊಟ್ಟೆಗೆ ಪಟ್ಟಿ ಬಿಗಿದು ಗುಂಡಿ ಒತ್ತಿದರೆ ಒಳಗಿನ ಕೂಸಿನ ಎದೆಬಡಿತವನ್ನು ಅದು ಕಾಗದದ ಮೇಲೆ ಗುಡ್ಡ ಕಣಿವೆಗಳಾಗಿ ಬರೆದು ಹೊರಗೆ ಬಿಡುತ್ತದೆ. ಕೂಸಿಗೆ ಸಂಕಟವಾದರೆ ತಾನೇ ಕೂಗಿಕೊಳ್ಳುತ್ತದೆ. ಸಂತೋಷ. ನಮ್ಮ ಕಾಲದಲ್ಲಿ ಆ ಯಂತ್ರದ ಜಾಗದಲ್ಲಿ ನಾನಿದ್ದೆ.

ಯಂತ್ರಕ್ಕೂ ನನಗೂ ಒಂದೇ ವ್ಯತ್ಯಾಸ. ಅದು ಕೂಗಿದರೆ ಎಲ್ಲರೂ ಓಡಿ ಬರುತ್ತಾರೆ. ನಾನು ಕೂಗಿದರೆ ಮನೆಯವರು ಕೂತು ಚರ್ಚೆ ಮಾಡುತ್ತಿದ್ದರು. ಕೂಸಿನ ಎದೆ ಸೋಲುತ್ತಿದೆಯೆಂದು ಕೇಳಿ ತಿಳಿಯುವುದು ಈ ಕೆಲಸದಲ್ಲಿ ಅರ್ಧ. ಕೇಳಿದ್ದನ್ನು ಹೊಸ್ತಿಲಾಚೆ ಕೂತವರು ನಂಬುವಂತೆ ಮಾಡುವುದು ಇನ್ನರ್ಧ. ಎರಡನೆಯ ಅರ್ಧ ತಪ್ಪಿದರೆ ಮೊದಲನೆಯದು ಬಂದೂ ಉಪಯೋಗವಿಲ್ಲ, ಕೂಸು ಹೋಗುತ್ತದೆ. ಅದಕ್ಕೇ ಕುರುಗೋಡಿನ ಗಂಗವ್ವನ ಚೊಚ್ಚಲ ಹೆರಿಗೆಯ ಮಾತನ್ನು ಹೇಳಬೇಕೆಂದು ಕೂತಿದ್ದೇನೆ. ಅಲ್ಲಿಗೆ ಹೋಗಲು ಮೊದಲು ಬಳ್ಳಾರಿ, ಆಮೇಲೆ ಸಿರುಗುಪ್ಪ ಮುಟ್ಟಬೇಕು. ನಕ್ಷೆಯಲ್ಲಿ ಅದು ಸುತ್ತುದಾರಿ. ನನ್ನ ನೌಕರಿಯಲ್ಲಿ ಅದೇ ನೇರ ದಾರಿ.

ಬಳ್ಳಾರಿಯ ಹೆರಿಗೆ ವಾರ್ಡಿಗೆ ನಾನು ಕೆಲಸ ಕಲಿಯಲು ಸೇರಿದಾಗ ಎರಡನೆಯ ಮಹಾಯುದ್ಧ ನಡೆದಿತ್ತು. ವಾರ್ಡಿನ ಒಳಗಿನ ಯುದ್ಧವನ್ನು ನಮ್ಮ ದೊಡ್ಡ ಡಾಕ್ಟರಮ್ಮ ನಡೆಸುತ್ತಿದ್ದರು. ಮದರಾಸಿನಲ್ಲಿ ಓದಿದವರು, ಮನೆಮಾತು ತೆಲುಗು. ಕನ್ನಡವನ್ನು ಬೈಯುವುದಕ್ಕೆಂದೇ ಕಲಿತು, ಅದರಲ್ಲಿ ಒಳ್ಳೆಯ ಪಾಂಡಿತ್ಯ ಸಂಪಾದಿಸಿದ್ದರು.

ಮೊದಲ ದಿನ ನಮ್ಮ ಕೈಗೆ ಗೇಣುದ್ದದ ಕಟ್ಟಿಗೆಯ ಕೊಳವೆಯೊಂದನ್ನು ಕೊಟ್ಟರು. ಒಂದು ತುದಿ ಕಹಳೆಯ ಬಾಯಂತೆ ಅಗಲ, ಇನ್ನೊಂದು ತುದಿಗೆ ಕಿವಿ ಒತ್ತಿಕೊಳ್ಳಲು ಚಪ್ಪಟೆ ಬಿಲ್ಲೆ. ಅಗಲದ ಬಾಯಿಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಬಿಲ್ಲೆಗೆ ಕಿವಿ ಕೊಟ್ಟು, ಕೊಳವೆಯಿಂದ ಕೈ ತೆಗೆದುಬಿಡಬೇಕು. ಒಂದು ಕೈಯಲ್ಲಿ ತಾಯಿಯ ಮಣಿಕಟ್ಟು ಹಿಡಿದಿರಬೇಕು, ಇಲ್ಲವಾದರೆ ತಾಯಿಯ ನಾಡಿಯನ್ನೇ ಕೂಸಿನದೆಂದು ಎಣಿಸುವ ಅಪಾಯ. ಸರಿಯಾದ ಜಾಗ ಸಿಕ್ಕರೆ, ಗಾದಿಯ ಅಡಿಯಲ್ಲಿ ಇಟ್ಟ ಗಡಿಯಾರದಂತೆ ಟಿಕಿಟಿಕಿಯೆಂದು ಒಂದು ಸಣ್ಣ ಸದ್ದು ಕೇಳುತ್ತದೆ. ತಾಯಿಯ ಎದೆಗಿಂತ ಹೆಚ್ಚುಕಡಿಮೆ ಎರಡರಷ್ಟು ಚುರುಕು.

ನನ್ನ ಜೊತೆ ಕಲಿಯುತ್ತಿದ್ದವಳು ರೋಸಮ್ಮ. ಧೈರ್ಯಸ್ಥೆ. ಕೊಳವೆಗೆ ಕಿವಿಯನ್ನು ಗೋಡೆಗೆ ಮೊಳೆ ಹೊಡೆದಂತೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಎಣಿಸಿ, "ಎಪ್ಪತ್ತಾರು" ಎಂದು ಘೋಷಿಸಿದಳು.

ಡಾಕ್ಟರಮ್ಮ ಅವಳನ್ನೇ ನೋಡಿದರು. "ಅದು ನಿನ್ನ ಕಿವಿಯ ನರ. ನೀನು ಬದುಕಿದ್ದೀ ಅಂತ ಗೊತ್ತಾಯಿತು. ಇನ್ನು ಕೂಸನ್ನು ನೋಡು."

ಕಿವಿ ಬಿಲ್ಲೆಯ ಮೇಲಿದ್ದರೆ ಕಣ್ಣು ಗಡಿಯಾರದ ಕಡೆ ಹೋಗುವುದಿಲ್ಲ. ಅದಕ್ಕೆ ಡಾಕ್ಟರಮ್ಮ ಒಂದು ಪದ್ಧತಿ ಮಾಡಿದ್ದರು. ಕೇಳುವವಳು ತಾನು ಕೇಳಿದ ಒಂದೊಂದು ಬಡಿತಕ್ಕೂ ತೋರುಬೆರಳಿನಿಂದ ಮೇಜು ತಟ್ಟಬೇಕು. ಇನ್ನೊಬ್ಬಳು ಗಡಿಯಾರ ಹಿಡಿದು ತಟ್ಟನ್ನು ಎಣಿಸಬೇಕು. ನಿಮಿಷಕ್ಕೆ ನೂರಿಪ್ಪತ್ತರಿಂದ ನೂರರವತ್ತರೊಳಗಿದ್ದರೆ ಕೂಸು ಸುಖವಾಗಿದೆ. ನೋವು ಬಂದಾಗ ಬಡಿತ ಸ್ವಲ್ಪ ತಗ್ಗಿ, ನೋವು ಹೋಗುತ್ತಲೇ ಎದ್ದುಕೊಂಡರೆ ಅದು ಲೋಕರೂಢಿ. ನೋವು ಇಳಿದ ಮೇಲೂ ಬಡಿತ ತಗ್ಗಿಯೇ ಇದ್ದು, ಮೇಲೇಳಲು ಮೀನಮೇಷ ಎಣಿಸುತ್ತಿದ್ದರೆ ಒಳಗೆ ಉಸಿರಿಗೆ ಕಷ್ಟವಾಗಿದೆ. ಅದರ ಜೊತೆಗೆ ಗರ್ಭದ ನೀರು ಹಸಿರಾಗಿ ಬಂದರೆ, ಕೂಸು ಹೆದರಿ ಒಳಗೇ ಮಲ ಮಾಡಿಕೊಂಡಿದೆ, ಇನ್ನು ತಡಮಾಡುವಂತಿಲ್ಲ. ಇಷ್ಟೇ ವಿದ್ಯೆ. ನಿಮ್ಮ ಯಂತ್ರಕ್ಕೂ ಇದಕ್ಕಿಂತ ಹೆಚ್ಚು ಗೊತ್ತಿದೆಯೆಂದು ನಾನು ನಂಬುವುದಿಲ್ಲ, ಅಕ್ಷರ ಚೆನ್ನಾಗಿ ಬರೆಯುತ್ತದೆ ಎಂಬುದೊಂದನ್ನು ಬಿಟ್ಟರೆ.

ಮೇಜು ತಟ್ಟುವ ಈ ಅಭ್ಯಾಸ ನಮಗೆ ಹತ್ತಿತು, ಬಿಡಲಿಲ್ಲ. ಊಟಕ್ಕೆ ಕೂತಾಗ ರೋಸಮ್ಮನ ಬೆರಳು ತಟ್ಟೆಯ ಅಂಚಿನ ಮೇಲೆ ನೂರನಲವತ್ತರ ವೇಗದಲ್ಲಿ ಆಡುತ್ತಿತ್ತು. ಅಡಿಗೆಯವಳು ಸಾರು ಬೇಕೆಂದು ಕೇಳುತ್ತಿದ್ದಾಳೆಂದು ತಿಳಿದು ಬಡಿಸುತ್ತಲೇ ಹೋಗುತ್ತಿದ್ದಳು.

ಕಲಿತಾದ ಮೇಲೆ ನಮ್ಮಿಬ್ಬರನ್ನೂ ಸಿರುಗುಪ್ಪಕ್ಕೆ ಹಾಕಿದರು. ಅಲ್ಲಿ ಕೊಳವೆಗೆ ಹೊಸ ಪದವಿ ಸಿಕ್ಕಿತು. ಒಂದು ಮನೆಯಲ್ಲಿ ನಾನು ಅದನ್ನು ಚೀಲದ ಮೇಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಮನೆಯ ಮುದುಕಿ ಅದನ್ನೊಯ್ದು ಒಲೆ ಊದುತ್ತಿದ್ದಳು. ನಾನು ನಿಂತು ನೋಡುತ್ತಿದ್ದೆ. ಆಕೆ ಹೊಗೆಯಿಂದ ತಲೆಯೆತ್ತಿ ಹೇಳಿದಳು, "ನಿಮ್ಮ ಊದುಗೊಳವಿ ಚಲೋ ಐತ್ರಿ ನರ್ಸಮ್ಮ. ಆದ್ರ ಈ ಬಾಯಿ ಇಷ್ಟ್ಯಾಕ ಅಗಲ ಮಾಡ್ಸೀರಿ, ಗಾಳಿ ಪೋಲಾಗತೈತಿ." ಆಕೆ ಹೇಳಿದ್ದು ಒಲೆಯ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಅಂದಿನಿಂದ ಆ ತಾಲೂಕಿನ ಅನೇಕ ಕೂಸುಗಳ ಎದೆಬಡಿತವನ್ನು ನಾನು ಹೊಗೆಯ ವಾಸನೆಯ ಸಮೇತ ಕೇಳಿದ್ದೇನೆ.

ಇನ್ನೊಂದು ಮನೆ ಭತ್ತದ ಮಿಲ್ಲಿನ ಗೋಡೆಗೆ ಅಂಟಿಕೊಂಡಿತ್ತು. ಬಸುರಿ ಕಬ್ಬಿಣದ ಮಂಚದ ಮೇಲೆ ಮಲಗಿದ್ದಳು. ಮೊದಲು ರೋಸಮ್ಮ ಕೇಳಿದಳು, ಆಮೇಲೆ ನಾನು. ಅಂಥ ಎದೆಬಡಿತವನ್ನು ನಾವು ಕೇಳಿಯೇ ಇರಲಿಲ್ಲ. ಗಟ್ಟಿ, ಸ್ಪಷ್ಟ, ಒಂದು ಕೂದಲೆಳೆಯಷ್ಟೂ ಏರುಪೇರಿಲ್ಲ. ಇದು ಮುಂದೆ ಪೈಲ್ವಾನನಾಗುವ ಕೂಸೆಂದು ರೋಸಮ್ಮ ಭವಿಷ್ಯ ನುಡಿದಳು. ನಾನು ಬೆರಳು ತಟ್ಟುತ್ತ, ಅವಳು ಗಡಿಯಾರ ನೋಡುತ್ತ ಇದ್ದಾಗ, ಆ ಬಡಿತ ಇದ್ದಕ್ಕಿದ್ದಂತೆ ನಿಂತೇಹೋಯಿತು.

ನನ್ನ ಬೆರಳೂ ನಿಂತಿತು. ರೋಸಮ್ಮ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ಮಂಚದ ಮೇಲಿದ್ದವಳು ಮೊಣಕೈ ಊರಿ ಎದ್ದು ಕೂತು ನಮ್ಮಿಬ್ಬರನ್ನೂ ಕರುಣೆಯಿಂದ ನೋಡಿದಳು.

"ಮಿಲ್ಲು ಬಂದ್ ಆತ್ರಿ, ಉಣ್ಣಾಕ ಬಿಟ್ಟಾರ. ನೀವೂ ಒಂದೀಟು ಉಂಡು ಬರ್ರಿ, ಮುಖ ಎಷ್ಟು ಬಾಡ್ಯಾವು ನೋಡ್ರಿ."

ಕೂಸಿನ ನಿಜವಾದ ಎದೆ ಹೊಟ್ಟೆಯ ಇನ್ನೊಂದು ಮಗ್ಗುಲಲ್ಲಿ, ಯಾರ ಗೊಡವೆಗೂ ಹೋಗದೆ ತನ್ನಷ್ಟಕ್ಕೆ ಬಡಿಯುತ್ತಿತ್ತು. ನಾವು ಇಷ್ಟು ಹೊತ್ತು ಮಂಚದ ಕಾಲಿನ ಮೂಲಕ ಎಂಜಿನ್ನಿನ ಆರೋಗ್ಯ ವಿಚಾರಿಸುತ್ತಿದ್ದೆವು. ಅಂದಿನಿಂದ ಮೊದಲು ಕೈಯಿಂದ ಮುಟ್ಟಿ ಕೂಸಿನ ಬೆನ್ನು ಯಾವ ಕಡೆಗಿದೆಯೆಂದು ಹುಡುಕದೆ ನಾನು ಕೊಳವೆ ಇಟ್ಟವಳಲ್ಲ. ಕೂಸಿನ ಬೆನ್ನು ಸಿಕ್ಕಲ್ಲಿ ಎದೆ ಸಿಗುತ್ತದೆ. ಇದನ್ನು ಮಾತ್ರ ನೆನಪಿಡಿ, ಯಂತ್ರದ ಪಟ್ಟಿ ಕಟ್ಟುವಾಗಲೂ ಇದು ಬೇಕಾಗುತ್ತದೆ.

ನಡುವೆ ಬಡ್ತಿ ವರ್ಗಾವಣೆಗಳು ಆದವು, ಅವುಗಳಿಂದ ಯಾರಿಗೂ ಉಪಯೋಗವಿಲ್ಲ. ಮುಂದೆ ಐವತ್ಮೂರರಲ್ಲಿ ಒಂದು ದಿನ ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ್ದನ್ನೂ ಕಂಡೆ. ಹೊಟ್ಟೆಯೊಳಗಿನ ಕೂಸುಗಳ ಬಡಿತದಲ್ಲಿ ಅದರಿಂದ ಯಾವ ಬದಲಾವಣೆಯೂ ಕಂಡುಬರಲಿಲ್ಲ.

ಇನ್ನು ಕುರುಗೋಡು. ಇದು ಅದಕ್ಕೆಲ್ಲ ಮೊದಲಿನ ಮಾತು, ಯುದ್ಧ ಮುಗಿಯುತ್ತ ಬಂದ ಕಾಲ, ನಾನೊಬ್ಬಳೇ ಅಲ್ಲಿದ್ದೆ. ಹನುಮಂತಪ್ಪ ಎಂಬವರು ಹಗಲು ಒಕ್ಕಲುತನ ಮಾಡುತ್ತಿದ್ದರು, ಉಳಿದ ಹೊತ್ತಿನಲ್ಲಿ ಬಯಲಾಟದ ಮದ್ದಳೆಗಾರರು. ಸುತ್ತಣ ಊರುಗಳಲ್ಲಿ ಅವರ ಮದ್ದಳೆಯಿಲ್ಲದೆ ಯಾವ ರಾಕ್ಷಸನೂ ಸಾಯುತ್ತಿರಲಿಲ್ಲ. ಮಗಳು ಗಂಗವ್ವನನ್ನು ಮೋಕ ಎಂಬ ಊರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮುಂಜಾನೆ ನೋವು ಹತ್ತಿತೆಂದು ನನ್ನನ್ನು ಕರೆಸಿದರು.

ಹೆರಿಗೆಯ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಹೆರುವವಳ ತಂದೆಯಾದವನಂತೂ ಬಾಗಿಲ ಕಡೆ ಮುಖ ಮಾಡಿಯೂ ಕೂರಬಾರದು. ಹನುಮಂತಪ್ಪ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಒಳಗೆ ಗಂಗವ್ವ, ಅವಳ ತಾಯಿ ಈರವ್ವ, ನಾನು. ಈರವ್ವನಿಗೆ ನನ್ನ ಮೇಲೆ ವಿಶ್ವಾಸವಿತ್ತು, ಕೊಳವೆಯ ಮೇಲಿರಲಿಲ್ಲ. "ಕಟ್ಟಿಗಿ ಹೇಳಿದ ಮಾತು ಕೇಳ್ತೀರಲ್ರಿ" ಎಂದು ಒಮ್ಮೆ ನಕ್ಕು, ತಾನೂ ಕಿವಿಯಿಟ್ಟು ನೋಡಿ, "ನನ್ನ ಕೈಬಳಿ ಸಪ್ಪಳ ಬಿಟ್ರ ಏನೂ ಇಲ್ಲ ಇದರಾಗ" ಎಂದು ತೀರ್ಪು ಕೊಟ್ಟರು.

ಎದುರಿಗೆ ಗಡಿಯಾರ ನೋಡುವವರು ಯಾರೂ ಇಲ್ಲದಿದ್ದರೂ ನನ್ನ ಬೆರಳು ತನ್ನ ಚಟ ಬಿಡಲಿಲ್ಲ. ಪಕ್ಕದಲ್ಲಿ ಬೋರಲು ಹಾಕಿದ್ದ ತಾಮ್ರದ ಕೊಡದ ಮೇಲೆ ಅದು ಟಣಟಣ ತಟ್ಟುತ್ತಿತ್ತು. ಹೊರಗಿಂದ ಪ್ರಶ್ನೆ ಬಂತು.

"ನರ್ಸಮ್ಮ, ಯಾವ ತಾಳರೀ ಇದು?"

"ತಾಳ ಅಲ್ರಿ ಹನುಮಂತಪ್ಪ. ನಿಮ್ಮ ಮಗಳ ಕೂಸಿನ ಎದಿ ಬಡಿಯೂದು."

"ಭಾಳ ಜೋರಿನಾಗ ಐತಲ್ರಿ."

"ಎಲ್ಲಾ ಕೂಸುಗಳ್ದೂ ಹಂಗ ಇರತೈತ್ರಿ."

"ಹಂಗಾದ್ರ ಅಡ್ಡಿಯಿಲ್ಲ. ಭೀಮ ರಂಗಕ್ಕ ಬರೂವಾಗ ಹಿಂಗ ಬಾರಿಸ್ತೀವಿ."

ಅಷ್ಟು ಹೇಳಿ ಅವರು ಸುಮ್ಮನಿರಬಹುದಿತ್ತು. ಗೂಟದಿಂದ ಮದ್ದಳೆ ಇಳಿಸಿದ ಸದ್ದಾಯಿತು. ನನ್ನ ಕೊಡಕ್ಕೆ ಸರಿಯಾಗಿ, ಬಹಳ ಮೆಲ್ಲಗೆ, ಅವರು ಸಾಥ್ ಕೊಡತೊಡಗಿದರು. ವೈದ್ಯಶಾಸ್ತ್ರದಲ್ಲಿ ಇಂಥ ಕಛೇರಿಗೆ ಅವಕಾಶವಿದೆಯೋ ಇಲ್ಲವೋ ನಾನರಿಯೆ.

ಈರವ್ವ ಬಾಗಿಲ ಸಂದಿಯಿಂದ ಕೂಗಿದರು. "ಮಗಳು ನೋವು ತಿನ್ನಾಕತ್ಯಾಳ, ನೀವು ಆಟ ಕಟ್ಟೀರಲ್ಲ. ಅದನ್ನ ಕೆಳಗಿಡ್ರಿ."

"ನಾ ಏನ್ ಮಾಡ್ಲಿ, ಮೊಮ್ಮಗ ಬಾರ್ಸಾಕತ್ಯಾನ, ಹಿರ್ಯಾ ಸುಮ್ಮ ಕುಂದ್ರಾಕ ಆಗತೈತೇನು?"

ಒಂದು ನೋವು ಬಂತು. ಕೊಡದ ಮೇಲಿನ ತಟ್ಟು ಕೊಂಚ ನಿಧಾನವಾಯಿತು, ನೋವಿಳಿದ ಕೂಡಲೆ ಮತ್ತೆ ಓಡಿತು. ಮದ್ದಳೆಯೂ ನಿಧಾನವಾಗಿ, ಮತ್ತೆ ಓಡಿತು. ಹೀಗೆ ಹೊತ್ತು ಏರಿತು. ಯಾವ ನೋವಿಗೆ ಎಷ್ಟು ತಗ್ಗಬೇಕು, ಎಷ್ಟಕ್ಕೆ ಏಳಬೇಕು ಎಂಬುದು ನನಗಿಂತ ಚೆನ್ನಾಗಿ ಅವರ ಕೈಗೆ ಕೂತಿತ್ತು.

ಆಮೇಲೆ ನೀರು ಹೋಯಿತು. ಹಸಿರಾಗಿತ್ತು. ನಾನು ಕೊಳವೆ ಇಟ್ಟೆ. ಮುಂದಿನ ನೋವು ಬಂದು, ಏರಿ, ಇಳಿಯಿತು. ಇಳಿದ ಮೇಲೆ ಬಡಿತ ತಗ್ಗಿತು. ತಗ್ಗಿದ್ದು ಅಲ್ಲೇ ಕೂತಿತು. ಬಹಳ ಹೊತ್ತಿನ ಮೇಲೆ, ಮೆಟ್ಟಿಲು ಹತ್ತುವ ಮುದುಕನಂತೆ ಒಂದೊಂದಾಗಿ ಮೇಲೆ ಬಂತು. ಇನ್ನೊಂದು ನೋವಿಗೂ ಹಾಗೆಯೇ.

"ಈರವ್ವ, ಇದು ಇಲ್ಲಿ ಆಗೂದಲ್ಲ. ಬಳ್ಳಾರಿಗೆ ಒಯ್ಯಬೇಕು, ಈಗಿಂದೀಗ. ಕೂಸಿಗೆ ಉಸುರು ಸಾಲಾಕತ್ತಿಲ್ಲ."

"ಯಾರು ಹೇಳಿದ್ರು, ಕಟ್ಟಿಗಿಯೇನು?"

"ನೀರು ನೋಡ್ರಿ, ಹಸರ ಐತಿ."

"ಮೂರೂ ಹೊತ್ತು ಪುಂಡಿಪಲ್ಯ ತಿಂದಾಳ. ಹಸರ ಬರದ ಕೆಂಪು ಬರತೈತೇನು?"

ಬಳ್ಳಾರಿಯಲ್ಲಿ ನನಗೆ ಕಲಿಸಿದ ಪಾಠಗಳಲ್ಲಿ ತಿಂದ ಪುಂಡಿಸೊಪ್ಪು ಹೋಗಲು ಈ ದಾರಿ ಇರಲಿಲ್ಲ. ಆದರೆ ಅದನ್ನು ವಾದಿಸುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ಈರವ್ವ ಕೆಟ್ಟವರೇನಲ್ಲ, ಅವರ ಹೆದರಿಕೆ ಬೇರೆ. "ನೋವು ಹತ್ತಿದ ಮಗಳ್ನ ಹೊಸ್ತಿಲ ದಾಟಿಸಿದ್ರ ಮೋಕದ ಬೀಗರು ಏನಂತಾರ್ರಿ? ತವರ್ಯಾಗ ಒಂದು ಬಾಣಂತನ ಮಾಡೂ ಯೋಗ್ಯತಿ ಇಲ್ಲ ಅಂತಾರ. ಆಮ್ಯಾಲ ನನ್ನ ಮಗಳು ಆ ಮನ್ಯಾಗ ತಲಿ ಎತ್ತಿ ತಿರುಗಬೇಕಲ್ಲ."

ಆಗ ಗಮನಕ್ಕೆ ಬಂತು. ಪಡಸಾಲೆಯಲ್ಲಿ ಮದ್ದಳೆ ನಿಂತಿತ್ತು.

"ನರ್ಸಮ್ಮ," ಹನುಮಂತಪ್ಪನ ದನಿ ಬದಲಾಗಿತ್ತು. "ನಿಮ್ಮ ಕೈ ತಪ್ತೋ, ಕೂಸಿನ ಕೈ ತಪ್ತೋ?"

"ನನ್ನ ಕೈ ತಪ್ಪಿಲ್ರಿ."

"ಇನ್ನೊಂದು ಸಲ ಬಾರಿಸ್ರಿ. ಗಟ್ಟಿಯಾಗಿ."

ನೋವು ಬಂತು. ಗಂಗವ್ವ ನನ್ನ ಸೆರಗು ಹಿಡಿದು ಹಲ್ಲು ಕಚ್ಚಿದಳು. ನಾನು ಕೇಳಿದ್ದನ್ನು ಕೇಳಿದಂತೆ ಕೊಡದ ಮೇಲೆ ತಟ್ಟುತ್ತ ಹೋದೆ. ನೋವಿಳಿಯಿತು. ಟಣ. ಟಣ. ಟಣ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮನೆಯ ಎಲ್ಲ ಸದ್ದೂ ಕೇಳುತ್ತಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದೂ ಕೇಳುತ್ತಿತ್ತು.

ಹನುಮಂತಪ್ಪ ಬಾಗಿಲ ಕಡೆ ತಿರುಗಿ ನಿಂತರು. ತಂದೆ ತಿರುಗಬಾರದಿತ್ತು.

"ಈರೀ, ಇದು ದಣಿದವರ ಕೈ. ಹಿಂಗ ಬಾರಿಸೂವರನ್ನ ನಾ ಮ್ಯಾಳದಾಗ ಕಂಡೀನಿ. ಇನ್ನ ಸ್ವಲ್ಪ ಹೊತ್ತಿಗೆ ಕೈ ಕೆಳಗ ಬೀಳತಾವು. ಮಗಳ್ನ ಎಬ್ಬಿಸು."

"ಬೀಗರಿಗೆ ಏನ್ ಹೇಳ್ತೀರಿ?"

"ಹೇಳ್ತೀನಿ. ಹೇಳಿದ್ರ ತಿಳೀಲಿಲ್ಲಂದ್ರ ಹಾಡ್ತೀನಿ."

ಗಂಗವ್ವ ಕಣ್ಣು ಬಿಟ್ಟು ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. "ಹಾಡೂದು ಆಮ್ಯಾಲ. ಲಗೂ ಒಯ್ರಿ ನನ್ನ."

ಆ ಕಾಲದಲ್ಲಿ ಪೆಟ್ರೋಲು ಯುದ್ಧಕ್ಕೆ ಹೋಗಿತ್ತು. ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು, ಓಡುತ್ತಿದ್ದವೆಂಬುದು ಗೌರವದ ಮಾತು. ಬೆನ್ನಿಗೆ ದೊಡ್ಡದೊಂದು ಉಕ್ಕಿನ ಒಲೆ ಕಟ್ಟಿಕೊಂಡು, ಅದಕ್ಕೆ ಇದ್ದಿಲು ತುಂಬಿ, ಹಿಡಿಕೆ ತಿರುವಿ ಗಾಳಿ ಹಾಕಿದರೆ ಎಂಜಿನ್ನಿಗೆ ಬುದ್ಧಿ ಬರುತ್ತಿತ್ತು. ಬಳ್ಳಾರಿಗೆ ಹೋಗುವ ಬಸ್ಸು ಊರ ಮುಂದೆ ಆಗತಾನೆ ಹೊಗೆಯಾಡುತ್ತಿತ್ತು. ಡ್ರೈವರ್ ಖಾಸಿಂಸಾಬ್ ಗಂಗವ್ವನನ್ನು ನೋಡಿ ಮಾತಿಲ್ಲದೆ ಹಿಂದಿನ ಉದ್ದ ಸೀಟು ಖಾಲಿ ಮಾಡಿಸಿದ. ಹನುಮಂತಪ್ಪ ಹಿಡಿಕೆ ಹಿಡಿದು, ಎರಡಾಳಿನ ಕೆಲಸ ಒಬ್ಬರೇ ಮಾಡಿದರು.

ನಾನು ಗಂಗವ್ವನನ್ನು ಎಡಮಗ್ಗುಲಿಗೆ ಹೊರಳಿಸಿದೆ. ಬಸ್ಸು ಹೊರಟಿತು. ಆದರೆ ಆ ಗಲಾಟೆಯಲ್ಲಿ ಕೊಳವೆಯಿಟ್ಟರೆ ಕೇಳುವುದು ಬಸ್ಸಿನ ಎದೆ. ಸಿರುಗುಪ್ಪದ ಪಾಠ ಇನ್ನೊಮ್ಮೆ ಕಲಿಯುವ ಇಚ್ಛೆ ನನಗಿರಲಿಲ್ಲ.

"ಖಾಸಿಂಸಾಬ್, ಎಂಜಿನ್ ಬಂದ್ ಮಾಡ್ರಿ. ನಾ ಕೇಳಬೇಕು."

"ಅಮ್ಮಾ, ಬಂದ್ ಮಾಡಿದ್ರ ಮತ್ತ ಧಕ್ಕಾ ಕೊಡಬೇಕಾಗತೈತಿ. ಎಷ್ಟು ಸಲ ಕೇಳ್ತೀರಿ?"

"ಕೂಸು ಎಷ್ಟು ಸಲ ಹೇಳತೈತೋ ಅಷ್ಟು ಸಲ."

ಅವನು ಪ್ಯಾಸೆಂಜರುಗಳ ಕಡೆ ತಿರುಗಿದ. ಆ ಕಡೆಯ ಸೀಟಿನಲ್ಲಿ ಒಬ್ಬ ರೈತ, ಈ ಕಡೆ ಇನ್ನೊಬ್ಬ. ಇಬ್ಬರದೂ ಒಂದೇ ಬದುವಿನ ಜಗಳ. ಅವತ್ತೇ ಬಳ್ಳಾರಿ ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ಸಾಕ್ಷಿ ಹೇಳಲು ಹೊರಟವರು. ಇಬ್ಬರೂ ಒಟ್ಟಿಗೇ, "ನಿಲ್ಲಸಪಾ, ದಬ್ಬತೀವಿ" ಎಂದರು. ಆ ಬದುವಿನ ಜಗಳ ಹತ್ತಿದ ಮೇಲೆ ಅವರು ಒಪ್ಪಿದ್ದು ಅದೊಂದೇ ಇರಬೇಕು.

ಬಸ್ಸು ನಿಂತಿತು. ಇಡೀ ಬಸ್ಸು ಉಸಿರು ಹಿಡಿಯಿತು. ಕೋಳಿಬುಟ್ಟಿ ಇಟ್ಟುಕೊಂಡ ಹೆಂಗಸು ಕೋಳಿಗಳ ಮೇಲೆ ಸೆರಗು ಮುಚ್ಚಿ ಅವಕ್ಕೂ ಬಾಯಿ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಸೀಟಿನ ಕಬ್ಬಿಣದ ಮೇಲೆ ತಟ್ಟಿದೆ. ಮೊದಲು ನಿಧಾನ, ಆಮೇಲೆ, ಮನೆಯಲ್ಲಿಗಿಂತ ತುಸು ಬೇಗ, ಮೇಲೆದ್ದಿತು. ಮಗ್ಗುಲು ಬದಲಿಸಿದ್ದರಿಂದ ಒಂದಿಷ್ಟು ಅನುಕೂಲವಾಗಿತ್ತು.

"ಐತೇನ್ರಿ?" ಎಂದು ಯಾರೋ ಪಿಸುಗುಟ್ಟಿದರು.

"ಐತಿ."

"ಐತಂತ," ಎಂದು ಸುದ್ದಿ ಮುಂದಿನ ಸೀಟಿನವರೆಗೂ ಹೋಯಿತು. ಖಾಸಿಂಸಾಬ್ ಕೆಳಗಿಳಿದು ನಿಂತಿದ್ದ ಗಂಡಸರಿಗೆ, "ಐತಂತ, ದಬ್ರಿ" ಎಂದ. ಬಸ್ಸು ಕೆಮ್ಮಿ ಮುಂದಕ್ಕೆ ಹೋಯಿತು. ಹೀಗೆ ನಿಲ್ಲುತ್ತ, ಕೇಳುತ್ತ, ದಬ್ಬಿಸಿಕೊಳ್ಳುತ್ತ ಬಳ್ಳಾರಿ ಸೇರಿದೆವು. ಪ್ರತಿ ಸಲವೂ ಬಡಿತ ಇತ್ತು. ಆದರೆ ಒಂದೊಂದು ಸಲಕ್ಕೂ ಏಳಲು ಹಿಂದಿನ ಸಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಅದನ್ನು ನಾನು ಬಸ್ಸಿಗೆ ಹೇಳಲಿಲ್ಲ. ಹನುಮಂತಪ್ಪನಿಗೆ ಹೇಳುವ ಅಗತ್ಯವಿರಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದರು.

ಡಾಕ್ಟರಮ್ಮ ಯಾರ ಕಿವಿಯನ್ನೂ ನಂಬುವವರಲ್ಲ. ನನ್ನ ಕೈಯಿಂದ ಕೊಳವೆ ಕಿತ್ತುಕೊಂಡು ತಾವೇ ಕೇಳಿದರು. ಅವರ ಬೆರಳು ಗಾಳಿಯಲ್ಲಿ ಆಡಿತು, ನಿಧಾನವಾಯಿತು. ತಲೆಯೆತ್ತಿ, ಬೈಯದೆ, "ಇಕ್ಕಳ ಕುದಿಸಿದೆಯಾ?" ಎಂದು ಇನ್ನೊಬ್ಬ ನರ್ಸನ್ನು ಕೇಳಿದರು. ಅವರು ಬೈಯದೇ ಇದ್ದಾಗ ನಾವು ಹೆದರುತ್ತಿದ್ದೆವು.

ಗಂಗವ್ವನಿಗೆ ಒಂದಿಷ್ಟು ಕ್ಲೋರೋಫಾರ್ಮ್ ಕೊಟ್ಟು ಇಕ್ಕಳ ಹಾಕಿ ತೆಗೆದರು. ಹೊಕ್ಕುಳ ಬಳ್ಳಿ ಕೊರಳಿಗೆ ಎರಡು ಸುತ್ತು. ಹೆಣ್ಣು ಕೂಸು. ನೇರಳೆಹಣ್ಣಿನ ಬಣ್ಣ, ಒದ್ದೆ ಬಟ್ಟೆಯಂತೆ ಕೈಕಾಲು ಜೋತುಬಿದ್ದಿದ್ದವು. ಡಾಕ್ಟರಮ್ಮ ಬಾಯಿ ಸ್ವಚ್ಛ ಮಾಡಿದರು, ತಲೆಕೆಳಗಾಗಿ ಹಿಡಿದರು, ಬೆನ್ನು ತಿಕ್ಕಿದರು. ನಾನು ಅದರ ಎದೆಯ ಮೇಲೆ ಎರಡು ಬೆರಳಿಟ್ಟಿದ್ದೆ. ಬಡಿಯುತ್ತಿತ್ತು, ಬಡಿಯಬೇಕೋ ಬೇಡವೋ ಎಂದು ಯೋಚಿಸುತ್ತ. ಹೊರಗೆ ಬೆಂಚಿನ ಮೇಲೆ ಹನುಮಂತಪ್ಪ, ಈರವ್ವ.

ಡಾಕ್ಟರಮ್ಮ ಇನ್ನೊಮ್ಮೆ ತಿಕ್ಕಿದರು. ಒಂದು ಬಿಕ್ಕು ಬಂತು. ಆಮೇಲೆ ಇನ್ನೊಂದು. ಆಮೇಲೆ ಕೂಸು ಬಾಯಿ ತೆರೆದು ಅಳಲು ಹಿಡಿಯಿತು. ಅದರ ಸದ್ದು ಕೇಳಲು ಇನ್ನು ಯಾವ ಕೊಳವೆಯೂ ಬೇಕಿರಲಿಲ್ಲ. ಕಾಂಪೌಂಡಿನ ಆಚೆ ಜಟಕಾದ ಕುದುರೆ ಕಿವಿ ನಿಮಿರಿಸಿತು.

ಬೆಂಚಿನಿಂದ ಹನುಮಂತಪ್ಪನ ಮಾತು ಕೇಳಿತು, ಹೆಂಡತಿಗೆ ಹೇಳಿದ್ದು. ದನಿ ನಡುಗುತ್ತಿತ್ತು, ಆದರೆ ವಿಮರ್ಶೆ ವಿಮರ್ಶೆಯೇ. "ಎತ್ತುಗಡಿ ತಡ ಆತು. ಶ್ರುತಿ ಮಾತ್ರ ಪಕ್ಕಾ ಐತಿ."

ಆಮೇಲೆ ಬೆಂಚಿನ ಹಲಗೆಯ ಮೇಲೆ ಅವರ ಬೆರಳುಗಳು ಆಡತೊಡಗಿದವು. ಮೊದಲು ಒಂದು ಕೈ, ಬಳಿಕ ಎರಡೂ. ಆ ವಾರ್ಡಿನಲ್ಲಿ ಗಟ್ಟಿಯಾಗಿ ಸೀನಿದವರನ್ನೂ ಡಾಕ್ಟರಮ್ಮ ಹೊರಗೆ ಕಳಿಸಿದ್ದುಂಟು. ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಹೋಗಿ ನಿಂತರು. ಹನುಮಂತಪ್ಪ ಅವರನ್ನು ನೋಡಲಿಲ್ಲ, ಕಣ್ಣು ಮುಚ್ಚಿದ್ದರು, ಕೆನ್ನೆ ಒದ್ದೆಯಾಗಿತ್ತು. ಡಾಕ್ಟರಮ್ಮ ಕೈ ಒರೆಸಿದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡರು.

"ಮೆಲ್ಲಗೆ ಬಾರಿಸಯ್ಯಾ," ಎಂದರು. "ತಾಯಿ ಮಲಗಿದ್ದಾಳೆ."

ಒಳಗಿಂದ, ಕ್ಲೋರೋಫಾರ್ಮಿನ ಮಂಪರಿನಲ್ಲೇ, ಗಂಗವ್ವನ ದನಿ ಬಂತು.

"ಮಲಗಿಲ್ರಿ. ಬಾರಿಸ್ಲಿ ಬಿಡ್ರಿ."